ಹಿಮದ ನಾಡಿನಲ್ಲಿ ಭೂತಯಜ್ಞ

ಗೃಹಸ್ಥನಿಗೆ ವಿಹಿತವಾದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದೆಂಬುದನ್ನು ವಾಚಕರು ಬಲ್ಲರು. ತಾನುಣ್ಣುವ ಮೊದಲು ಪಶುಪಕ್ಷಿಗಳಿಗೊಂದು ತುತ್ತನ್ನಿಡುವುದೇ ಅದರ ಸಾರ. ಕಳೆದ ಪುಷ್ಯಮಾಸದಲ್ಲಿ ಅಮೆರಿಕೆಯ ಮಿನ್ನೆಸೋಟಾ ಪ್ರಾಂತದಲ್ಲಿ ಮಗಳ ಮನೆಯಲ್ಲಿದ್ದ ನಾವು, ಊರಿನ ರೂಢಿಯಂತೆ ಹಿತ್ತಿಲ ಕಟ್ಟೆಯ ಮೇಲೆ ಹಿಡಿಯನ್ನವನ್ನಿಟ್ಟೆವು. ಅಂದಿನ ಶೀತವು ಸೊನ್ನೆಗಿಂತ 25 ಡಿಗ್ರಿ ಕೆಳಗಿದ್ದಿತು. ಗಳಿಗೆಯೊಳಗೆ ಅನ್ನ ಕಲ್ಲಾಯಿತು. ಪುಟ್ಟ ಹಕ್ಕಿಯೊಂದು ಬಂದು ಎರಡು ಸಲ ಕುಕ್ಕಿ ಹಾರಿಹೋಯಿತು.

ಅದರ ಹೆಸರು ಚಿಕಡೀ. ತನ್ನ ಕೂಗಿನಿಂದಲೇ ಆ ಹೆಸರನ್ನು ಪಡೆದುದು. ಕರಿಯ ನೆತ್ತಿ, ಬಿಳಿಯ ಕೆನ್ನೆ. ತೂಕ ಸುಮಾರು 11 ಗ್ರಾಂ. ಎಷ್ಟೋ ಹಕ್ಕಿಗಳು ದಕ್ಷಿಣಕ್ಕೆ ವಲಸೆ ಹೋದರೂ ಇದು ಸಾಮಾನ್ಯವಾಗಿ ಊರು ಬಿಡದು. ಶರತ್ಕಾಲದಲ್ಲಿ ತೊಗಟೆಯ ಬಿರುಕುಗಳಲ್ಲಿ ಬೀಜಗಳನ್ನು ಬಚ್ಚಿಟ್ಟು ಚಳಿಯಲ್ಲಿ ಹುಡುಕಿ ತಿನ್ನುವುದು. ರಾತ್ರಿ ತನ್ನ ಮೈಯ ಶಾಖವನ್ನು 10 ಡಿಗ್ರಿಗಳಷ್ಟು ತಗ್ಗಿಸಿಕೊಂಡು ಶಕ್ತಿಯನ್ನುಳಿಸುವುದು. ಆದರೂ ಹಗಲು ಕೂಡಿಸಿದ ಕೊಬ್ಬು ಬೆಳಗಾಗುವುದರೊಳಗೆ ಬಹುಮಟ್ಟಿಗೆ ಕರಗಿರುವುದು. ಅದಕ್ಕೆ ಬೇಕಾದುದು ಅನ್ನವಲ್ಲ, ಜಿಡ್ಡು.

ಮಗಳು ಕರಿಯ ಸೂರ್ಯಕಾಂತಿ ಬೀಜದೊಡನೆ, ಅಂಗಡಿಯಿಂದ ತಂದ ದನದ ಕೊಬ್ಬಿನ ಬಿಲ್ಲೆಯೊಂದನ್ನೂ ತಂತಿಯ ಗೂಡಿನಲ್ಲಿಟ್ಟು ತೂಗಹಾಕಿದಳು. ನಮಗೆ ಮೈ ಜುಮ್ಮೆಂದಿತು. “ಅದು ಅವಕ್ಕೆ, ನಮಗಲ್ಲವಲ್ಲ ಅಪ್ಪ” ಎಂದಳು. ಎರಡು ದಿನ ನಾವು ಆ ಕಿಟಕಿಯ ಬಳಿಗೇ ಹೋಗಲಿಲ್ಲ.

ಮೂರನೆಯ ದಿನ ಹಿಮದ ಬಿರುಗಾಳಿ. ಮಗಳು ಕಛೇರಿಗೆ ಹೋಗಿದ್ದಳು. ಗೂಡು ಕಳಚಿ ಹಿಮದಲ್ಲಿ ಬಿದ್ದಿತು. ಚಿಕಡೀಗಳೂ ಒಂದು ಸಣ್ಣ ಮರಕುಟಿಗವೂ ಬರಿಯ ಕೊಕ್ಕೆಯ ಸುತ್ತ ಸುಳಿಯುತ್ತಿದ್ದವು. ಮೂವತ್ತು ವರ್ಷ ಮಕ್ಕಳಿಗೆ ಭೂತದಯೆಯ ಪಾಠ ಹೇಳಿದವರು ನಾವು! ಹೊರಗೆ ಹೋಗಿ ಗೂಡನ್ನೆತ್ತಿ ಸಿಕ್ಕಿಸಿದೆವು. ಒಳಗೆ ಬಂದು ಸ್ನಾನವನ್ನೂ ಮಾಡಿದೆವು, ಹೇಳಲು ಸಂಕೋಚವೇಕೆ? ಕಿಟಕಿಗೆ ಬಂದು ನೋಡುವಾಗ ಮರಕುಟಿಗವು ಬಿಲ್ಲೆಗೆ ಅಂಟಿಕೊಂಡಿದ್ದಿತು. ನಮ್ಮ ಮಡಿಯನ್ನು ನಮ್ಮ ಎಲೆಯಲ್ಲಿ ಕಾಯಬಹುದು. ಹಕ್ಕಿಯ ಬಾಯಿಗೆ ಅದನ್ನು ವಿಧಿಸಲಾಗದು.

ಶೀತದೇಶಗಳಲ್ಲಿರುವ ನಮ್ಮ ಗೃಹಿಣಿಯರಿಗೊಂದು ಮಾತು. ಕೊಬ್ಬಿಗೆ ಮನಸ್ಸೊಪ್ಪದಿದ್ದರೆ ಸೂರ್ಯಕಾಂತಿಯೂ ಉಪ್ಪಿಲ್ಲದ ಕಡಲೆಕಾಯಿ ಬೀಜವೂ ಸಾಕು. ಆದರೆ ಕಾಳಿಡುವ ಪಾತ್ರೆಯನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆದು ಒಣಗಿಸಬೇಕು. 2021ರಲ್ಲಿ ಅಮೆರಿಕೆಯ ಪಶ್ಚಿಮ ಭಾಗದಲ್ಲಿ ಸಾಲ್ಮೊನೆಲ್ಲಾ ರೋಗವು ಇಂಥ ಪಾತ್ರೆಗಳ ಬಳಿ ಹರಡಿ ಪೈನ್ ಸಿಸ್ಕಿನ್ ಎಂಬ ಹಕ್ಕಿಗಳು ಬಹಳ ಸತ್ತವು. ಬಡಿಸುವ ಎಡೆ ಶುಚಿಯಾಗಿರಬೇಕೆಂಬ ನಮ್ಮ ಹಿರಿಯರ ಮಾತು ಅಲ್ಲಿಗೂ ಸಲ್ಲುವುದು.