ತಂಬಿಗೆಯ ಮೇಲಿನ ಹೆಸರು

ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕೊಂಡ ಹಿತ್ತಾಳೆ ತಂಬಿಗೆಯನ್ನು ನವಿ ಮುಂಬಯಿಯ ರಬಾಳೆಯ ಮನೆಗೆ ತಂದು ಮೇಜಿನ ಮೇಲಿಟ್ಟಾಗ ಅಮ್ಮ ಬೆಲೆ ಕೇಳಲಿಲ್ಲ. ಕಂಠದ ಕೆಳಗೆ ಬೆರಳಾಡಿಸಿದರು, ಕನ್ನಡಕ ಹುಡುಕಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಕನ್ನಡ ಅಕ್ಷರಗಳಿದ್ದವು. ಕಿಲುಬು ಮುಚ್ಚಿಕೊಂಡಿದ್ದರಿಂದ ಕೊಳ್ಳುವಾಗ ನನಗೆ ಕಂಡಿರಲಿಲ್ಲ.

‘ಇದು ಯಾರ ಮನೆಯದ್ದು ಮಾರಾಯ?’ ಎಂದರು.

ನಮ್ಮ ಕಡೆ ಮದುವೆಯ ಪಾತ್ರೆಗೆ ಹೆಸರು ಹಾಕಿಸುವುದು ವಾಡಿಕೆ. ನೆರೆಮನೆಯ ಸಮಾರಂಭಕ್ಕೆ ಎರವಲು ಹೋದ ಹಂಡೆ, ಸೌಟು, ಹರಿವಾಣಗಳು ಗುರುತು ಸಿಕ್ಕಿ ವಾಪಸು ಬರಬೇಕಲ್ಲ! ಮರಳಿ ಬರಲೆಂದೇ ಹೆಸರು ಹೊತ್ತ ತಂಬಿಗೆ, ಊರಿನಿಂದ ಒಂದು ರಾತ್ರಿಯ ರೈಲು ದೂರದ ಮುಂಬಯಿಯಲ್ಲಿ, ಹಡಗಿನ ಲಾಟೀನು ಮತ್ತು ಕೈ ಮುರಿದ ಗಡಿಯಾರಗಳ ನಡುವೆ ಕೂತಿತ್ತು. ಅದನ್ನು ನಾನು ಉಳಿಸಿಕೊಂಡು ಬಂದೆನೋ, ಅದು ಮನೆ ಬಿಟ್ಟು ಬರುವಂತೆ ಮಾಡಿದ ವ್ಯಾಪಾರಕ್ಕೆ ನಾನೂ ಕೈ ಜೋಡಿಸಿದೆನೋ? ಹಳೆಯ ಸಾಮಾನಿನಿಂದ ಮನೆ ಸಿಂಗರಿಸುವ ಈಗಿನ ಖಯಾಲಿಯ ಬಗ್ಗೆ ಯೋಚಿಸಿದಾಗಲೆಲ್ಲ ನನ್ನ ತಕ್ಕಡಿ ಇಲ್ಲೇ ತೂಗಾಡುತ್ತದೆ.

ರಬಾಳೆಯಂಥ ಜಾಗದಲ್ಲಿ ಈ ಖಯಾಲಿ ಹುಟ್ಟುವುದು ಸಹಜವೇ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ, ಸಾಮಾನ್ಯವಾಗಿ ಒಂದು ವಸ್ತು ಪುರಾತನ ಎನಿಸಲು ಕನಿಷ್ಠ 100 ವರ್ಷ ತುಂಬಿರಬೇಕು, ಹಸ್ತಪ್ರತಿಗಳಿಗೆ 75. ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೊ ಸಂಸ್ಥೆ ಹುಟ್ಟಿದ್ದೇ 1970ರಲ್ಲಿ. ಆಗ್ರಿ, ಕೋಳಿ ಜನರ ಹಳೆಯ ಗಾವ್‌ಠಾಣಗಳನ್ನು ಬಿಟ್ಟರೆ ಇಲ್ಲಿ ಎಲ್ಲವೂ ನಮಗಿಂತ ಚಿಕ್ಕದು ಅಥವಾ ನಮ್ಮ ಓರಗೆಯದು. ಠಾಣೆ–ಬೇಲಾಪುರ ರಸ್ತೆಯ ಒಂದು ಮಗ್ಗುಲಲ್ಲಿ ಎಂಐಡಿಸಿಯ ಕೈಗಾರಿಕಾ ಶೆಡ್ಡುಗಳು, ನಡುನಡುವೆ ತಲೆಯೆತ್ತಿದ ಗಾಜಿನ ಐಟಿ ಪಾರ್ಕುಗಳು, ಇನ್ನೊಂದು ಮಗ್ಗುಲಲ್ಲಿ ಬಿಳಿ ಟೈಲ್ಸಿನ ಫ್ಲ್ಯಾಟುಗಳು. ಇಂಥ ಫ್ಲ್ಯಾಟಿನ ಗೋಡೆಗೆ ಬೀಟೆಯ ಕಿಟಕಿ ಚೌಕಟ್ಟೊಂದನ್ನು ತೂಗುಹಾಕಿ ನೋಡಿ, ಮನೆಗೆ ಅಜ್ಜಿಯೊಬ್ಬಳು ಬಂದ ಹಾಗಿರುತ್ತದೆ. ಅಜ್ಜಿ ನಮ್ಮವಳೇ ಆಗಬೇಕೆಂದಿಲ್ಲ.

ಹಳೆಯದರ ಪರವಾಗಿ ಹೇಳಬಹುದಾದದ್ದು ಬಹಳ ಇದೆ. ಮೊದಲನೆಯದು ಮರ. ಜೋಗೇಶ್ವರಿಯ ಓಶಿವಾರಾ ಮಾರುಕಟ್ಟೆಯಲ್ಲಿ ಹಳೆಯ ಬರ್ಮಾ ತೇಗದ ಕಪಾಟಿನ ಬಾಗಿಲು ತೆರೆದು ಮುಚ್ಚಿದವರು ಒತ್ತಿದ ಪುಡಿಯ ಹಲಗೆಯ ಕಪಾಟಿಗೆ ಮತ್ತೆ ಮನಸ್ಸು ಕೊಡುವುದು ಕಷ್ಟ. ನಮ್ಮ ಹೊಸ ಕಪಾಟು ಎರಡು ಮಳೆಗಾಲ ಕಂಡೊಡನೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಅದನ್ನು ದುರಸ್ತಿ ಮಾಡಲು ಬಡಗಿಯೂ ಒಪ್ಪಲಿಲ್ಲ. ಮೊಳೆಯಿಲ್ಲದೆ ಕೂಡಿಸಿದ ಹಳೆಯ ಮರವನ್ನು ಬಿಚ್ಚಬಹುದು, ಹೆರೆಯಬಹುದು, ಮತ್ತೆ ಕೂಡಿಸಬಹುದು. ಹೊಸ ಮರ ಕಡಿಯುವುದೂ ತಪ್ಪುತ್ತದೆ. ಹಿತ್ತಾಳೆಯ ಮಾತಂತೂ ಬೇರೆ ಬೇಡ. ಕೊಳ್ಳುವವರಿಲ್ಲದಿದ್ದರೆ ಅದು ನೇರ ಕುಲುಮೆಗೆ ಹೋಗುತ್ತದೆ. ಮುಂಬಯಿಯಲ್ಲಿ ಗುಜರಿಗೆ ಭಂಗಾರ್ ಎನ್ನುತ್ತಾರೆ. ಭಂಗಾರಕ್ಕೂ ಬಂಗಾರಕ್ಕೂ ಒಂದು ಉಸಿರಿನಷ್ಟೇ ಅಂತರ ಎಂದು ಇಲ್ಲಿನ ಕನ್ನಡಿಗರು ನಗುವುದುಂಟು. ಆ ಅಂತರ ತುಂಬುವವನೇ ಚೋರ್ ಬಜಾರಿನ ವ್ಯಾಪಾರಿ. ತೂಕಕ್ಕೆ ಬಂದದ್ದನ್ನು ಆತ ಬಿಡಿಯಾಗಿ ಎತ್ತಿಡದಿದ್ದರೆ ನನ್ನ ತಂಬಿಗೆ ಈ ಹೊತ್ತಿಗೆ ಯಾವುದೋ ಸ್ನಾನದ ಮನೆಯ ನಲ್ಲಿಯಾಗಿರುತ್ತಿತ್ತು.

ಆದರೆ ಅದೇ ವ್ಯಾಪಾರಿಯ ಪಕ್ಕದಲ್ಲಿ ಗ್ರಾಮೊಫೋನು ಹೊಳೆಯುತ್ತಿರುತ್ತದೆ. ಹೂವಿನಂತೆ ಅರಳಿದ ಹಿತ್ತಾಳೆ ಕೊಳವೆ, ನಾಯಿಯ ಚಿತ್ರದ ಫಲಕ, ಹೊಸ ಪಾಲಿಶಿನ ಪೆಟ್ಟಿಗೆ. ‘ಅಸಲಿ ಹೈ ಸಾಬ್’ ಎಂಬ ಮಾತು ಪುಕ್ಕಟೆ. ಇಂಥವುಗಳಲ್ಲಿ ಬಹುಪಾಲು ಈಚೆಗೆ ಜೋಡಿಸಿದವು. ಬಿಡಿಭಾಗಗಳಲ್ಲಿ ಒಂದೋ ಎರಡೋ ಹಳೆಯವಿದ್ದರೆ ಪುಣ್ಯ. ಹಡಗಿನ ದಿಕ್ಸೂಚಿ, ದುರ್ಬೀನುಗಳದ್ದೂ ಇದೇ ಕಥೆ. ಮುಂಬಯಿಯ ದಾರುಖಾನಾದಲ್ಲಿ ಹಡಗು ಒಡೆದಾಗ ಬಂದ ನಿಜವಾದ ದೀಪಗಳ ಜೊತೆಗೆ, ಅಲಂಕಾರಕ್ಕೆಂದೇ ಹೊಸದಾಗಿ ಎರಕ ಹೊಯ್ದವೂ ಸಾಲಾಗಿ ಕೂತಿರುತ್ತವೆ. 1818ರ ಇಸವಿ, ರಾಮ ಸೀತೆ ಲಕ್ಷ್ಮಣರ ಚಿತ್ರ ಹೊತ್ತ ಈಸ್ಟ್ ಇಂಡಿಯಾ ಕಂಪನಿಯ ಆಣೆ ನಾಣ್ಯವನ್ನು ನನಗೂ ಒಬ್ಬರು ತೋರಿಸಿದರು. ಅಂಥ ನಾಣ್ಯವನ್ನು ಕಂಪನಿ ಟಂಕಿಸಿಯೇ ಇಲ್ಲ. ತೀರ್ಥಕ್ಷೇತ್ರಗಳಲ್ಲಿ ಮಾರುವ ಬಿಲ್ಲೆಗಳಿಗೆ ಕಂಪನಿಯ ಹೆಸರು ಅಂಟಿಕೊಂಡದ್ದಷ್ಟೆ.

ನಾನೂ ಒಮ್ಮೆ ಮೋಸ ಹೋದೆ. ಅಂಗಡಿಯ ಹೆಸರು ಬೇಡ. ಹಳೆಯ ಸಂಸ್ಥಾನದ್ದೆಂದು ಕೊಂಡ ಅಡಕತ್ತರಿಯನ್ನು ಬಿಸಿನೀರಲ್ಲಿ ಅದ್ದಿದಾಗ ಕಪ್ಪು ಬಣ್ಣ ಬಿಟ್ಟು ಒಳಗಿನ ಹೊಸ ಹಿತ್ತಾಳೆ ನಗತೊಡಗಿತು. ಆಮೇಲೆ ಕಲಿತ ಪಾಠವೆಂದರೆ, ವಸ್ತುವಿನ ಮುಖ ನೋಡಬಾರದು, ಬೆನ್ನು ನೋಡಬೇಕು. ನಿಜವಾದ ಸವೆತ ಕೈ ತಾಗುವಲ್ಲಿ ಇರುತ್ತದೆ, ಬೇಕಾಬಿಟ್ಟಿಯಾಗಿ ಎಲ್ಲೆಡೆ ಇರುವುದಿಲ್ಲ. ಕಪಾಟಿನ ಹಿಂಬದಿ, ಡ್ರಾಯರಿನ ಅಡಿ, ತಿರುಪು ಮೊಳೆಯ ತಲೆ ಸುಳ್ಳು ಹೇಳುವುದು ಕಡಿಮೆ. ಹುಳ ತಿಂದ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ನೂರು ವರ್ಷದ ಮರವೆಂದು ಹಿಗ್ಗದೆ ಅಲ್ಲೇ ಬಿಟ್ಟು ಬರುವುದು ಕ್ಷೇಮ. ಹಿತ್ತಾಳೆ ಪಾತ್ರೆಯಲ್ಲಿ ಸಾರು ಕುದಿಸುವ ಆಸೆಯಿದ್ದರೆ ಮೊದಲು ಕಲಾಯಿ ಹಾಕುವವರನ್ನು ಹುಡುಕಬೇಕು. ನವಿ ಮುಂಬಯಿಯಲ್ಲಿ ಹಳೆಯ ಪಾತ್ರೆ ಸಿಕ್ಕಷ್ಟು ಸುಲಭವಾಗಿ ಅವರು ಸಿಗುವುದಿಲ್ಲ.

ನಕಲಿಯ ಕಾಟವಾದರೂ ಪರವಾಗಿಲ್ಲ, ಹೋದರೆ ನನ್ನ ದುಡ್ಡು ಹೋಗುತ್ತದೆ. ಅಸಲಿಯ ಕಾಟ ಅದಕ್ಕಿಂತ ದೊಡ್ಡದು. ಕರಾವಳಿಯಲ್ಲಿ ಗುತ್ತಿನ ಮನೆಯೊಂದು ಪಾಲಾಗುತ್ತದೆ. ಅಣ್ಣತಮ್ಮಂದಿರು ಮುಂಬಯಿ, ದುಬೈ, ಬೆಂಗಳೂರಿನಲ್ಲಿ. ಸೂರು ಸೋರುತ್ತಿದೆ, ಬಾಸೆಲ್ ಮಿಷನ್ ಮುದ್ರೆಯ ಹಂಚು ಒಡೆದರೆ ಅದೇ ಅಳತೆಯದು ಸಿಗದು. (ಮಂಗಳೂರಿನಲ್ಲಿ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ.) ಆಗ ಒಬ್ಬ ಬರುತ್ತಾನೆ. ಕಂಬಕ್ಕೆ ಇಷ್ಟು, ಮುಚ್ಚಿಗೆಗೆ ಇಷ್ಟು, ಪತ್ತಾಯಕ್ಕೆ ಇಷ್ಟು ಎಂದು ಲೆಕ್ಕ ಹೇಳುತ್ತಾನೆ. ಅದುವರೆಗೆ ರಿಪೇರಿ ಮಾಡೋಣವೆಂದಿದ್ದ ತಮ್ಮನೂ ಆ ಲೆಕ್ಕ ಕೇಳಿ ಸುಮ್ಮನಾಗುತ್ತಾನೆ. ಮನೆ ಬಿದ್ದದ್ದಕ್ಕೆ ಮರ ಮಾರಿದರೋ, ಮರಕ್ಕೆ ಬೆಲೆ ಬಂದದ್ದಕ್ಕೆ ಮನೆ ಬಿತ್ತೋ ಎಂಬುದು ಪ್ರತಿ ಮನೆಯಲ್ಲೂ ಬೇರೆ ಬೇರೆ. ಎರಡನ್ನೂ ನಾನು ಕಂಡಿದ್ದೇನೆ.

ಈ ಗೊಂದಲವನ್ನು ಬದುಕಿಡೀ ಹೆಗಲ ಮೇಲೆ ಹೊತ್ತವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನ ಉದ್ಯೋಗದಲ್ಲಿದ್ದವರು ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ಪಾತ್ರೆಪಗಡೆಗಳನ್ನು ಕೂಡಿಹಾಕಿ ಮೊದಲು ತಮ್ಮ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿದರು, ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲ್ ಇಂದಿಗೂ ಅಲ್ಲಿ ನಿಂತಿವೆ. 2017ರಲ್ಲಿ ಅವರು ತೀರಿಕೊಂಡರು. ಕುಕನೂರಿನ ಬಿಸಿಲಿಗೆ ಕಟ್ಟಿದ ಮನೆ ಮಣಿಪಾಲದ ಮಳೆಯಲ್ಲಿ ಏನು ಹೇಳುತ್ತದೆ, ಒಲೆ ಉರಿಯದ ಮನೆ ಮನೆಯೇ ಎಂದು ಕೇಳಬಹುದು. ಕೇಳಬೇಕು ಕೂಡ. ಆದರೆ ಅವರು ಎತ್ತಿ ತಾರದೆ ಹೋಗಿದ್ದರೆ ಆ ಪ್ರಶ್ನೆ ಕೇಳಲು ಎದುರಿಗೆ ಮನೆಯೇ ಇರುತ್ತಿರಲಿಲ್ಲ. ಜೊತೆಗೆ ಅವರು ಯಾವುದು ಎಲ್ಲಿಂದ ಬಂತು ಎಂಬುದನ್ನು ಮನೆಯ ಹೆಸರಿನಲ್ಲೇ ಉಳಿಸಿದರು. ಬಜಾರು ಮೊದಲು ಅಳಿಸುವುದೇ ಅದನ್ನು.

ದೇವರು ದೈವಗಳ ವಿಷಯ ಬಂದಾಗ ಈ ಅಳಿಸುವಿಕೆ ಬರೀ ಮರೆವಲ್ಲ, ಒಮ್ಮೊಮ್ಮೆ ಕಳ್ಳತನವನ್ನು ಮುಚ್ಚುವ ಉಪಾಯ. ಕರಾವಳಿಯ ಮೆಕ್ಕೆಕಟ್ಟಿನ ಹಳೆಯ ಮರದ ಭೂತದ ಮೂರ್ತಿಗಳು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಯಾವ ಊರಿನವೆಂದು ಹೆಸರು ಬರೆದು ಎಲ್ಲರೆದುರು ನಿಲ್ಲಿಸಿದ ಅವುಗಳ ಮಾತು ಬೇರೆ. ಯಾರದೋ ಮನೆಯ ಹಾಲ್‌ನಲ್ಲಿ ಟಿವಿಯ ಪಕ್ಕ ನೇತಾಡುವ ದೈವದ ಕಂಚಿನ ಮೊಗದ ಮಾತು ಬೇರೆ. ಅದರ ಊರು ಯಾವುದೆಂದು ಮಾರಿದವನೂ ಹೇಳುವುದಿಲ್ಲ, ಕೊಂಡವನೂ ಕೇಳಿರುವುದಿಲ್ಲ. 1972ರ ಕಾಯಿದೆಯಂತೆ ಪುರಾತನ ವಸ್ತು ಮಾರಲು ಪರವಾನಗಿ ಬೇಕು, ಸರಕಾರದ ಮೂಲಕವಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ, ಹಳೆಯ ಶಿಲ್ಪ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ದಂತದ ಪೆಟ್ಟಿಗೆ, ಜಿಂಕೆ ಕೊಂಬಿನ ಗೂಟಗಳನ್ನು ವನ್ಯಜೀವಿ ಕಾಯಿದೆ ತಡೆಯುತ್ತದೆ. ಭಾನುವಾರದ ಸಂಜೆ ಚೌಕಾಸಿ ಮಾಡುತ್ತಾ ನಿಂತವರಿಗೆ ಇದೆಲ್ಲ ನೆನಪಾಗುವುದಿಲ್ಲ ಎಂಬುದು ನಿಜ. ಹಾಗೆಂದು ಇಲ್ಲಿ ತಕ್ಕಡಿ ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ. ಪೂಜೆಗೊಂಡದ್ದನ್ನು ಕೊಳ್ಳಬಾರದು.

ಅಷ್ಟು ಖಡಾಖಂಡಿತವಾಗಿ ಹೇಳಲಾಗದ ಒಂದು ವಸ್ತು ನಮ್ಮ ಕಟ್ಟಡದ ಕೆಳಗೇ ಇದೆ. ಯಾರೋ ತಂದಿಟ್ಟ ರುಬ್ಬುಕಲ್ಲು. ಗುಂಡು ಕಾಣೆಯಾಗಿದೆ, ಗುಳಿಯಲ್ಲಿ ನೀರು ತುಂಬಿಸಿ ಹೂವಿನ ದಳ ತೇಲಿಬಿಡುತ್ತಾರೆ. ಚಂದವಾಗಿಯೇ ಇದೆ. ಅಮ್ಮ ಮಾತ್ರ ಅದನ್ನು ದಾಟುವಾಗ ಒಂದು ಗಳಿಗೆ ಬಲಗೈಯ ಮಣಿಕಟ್ಟು ಒತ್ತಿಕೊಳ್ಳುತ್ತಾರೆ. ಬೆಳಗಿನ ದೋಸೆಗೆಂದು ದಿನವೂ ರುಬ್ಬಿದ ಕೈ ಅದು. ಬೆವರಿನ ಉಪಕರಣ ಸಿಂಗಾರವಾದದ್ದನ್ನು ನೋಡಿ ನನಗೆ ಕಸಿವಿಸಿ. ‘ಅದಕ್ಕೂ ಸ್ವಲ್ಪ ವಿಶ್ರಾಂತಿ ಬೇಡವೋ?’ ಎಂದು ಅಮ್ಮನೇ ನಕ್ಕರು. ಅವರಿಗಿಲ್ಲದ ತಕರಾರು ನನಗೇಕೆ ಎಂದು ಸುಮ್ಮನಿದ್ದೇನೆ, ಪೂರ್ತಿ ಒಪ್ಪಿಯೂ ಇಲ್ಲ.

ಕೆಫೆಗಳ ಕಥೆ ಇನ್ನೊಂದು ಬಗೆ. ಮುಂಬಯಿಯ ಇರಾನಿ ಹೋಟೆಲುಗಳು ಒಂದೊಂದಾಗಿ ಮುಚ್ಚಿದಾಗ ಅವುಗಳ ಬಾಗಿಸಿದ ಮರದ ಕುರ್ಚಿ, ಅಮೃತಶಿಲೆಯ ಮೇಜುಗಳು ಬಜಾರಿಗೆ ಬಂದವು. ಈಗ ಅಂಥ ಕುರ್ಚಿಗಳನ್ನೇ ಹಾಕಿಸಿದ ಹೊಸ ಕೆಫೆಗಳಲ್ಲಿ ಹಳೆಯ ಬೊಂಬಾಯಿಯ ರುಚಿ ಎಂದು ಬನ್ ಮಸ್ಕಾಕ್ಕೆ ದುಬಾರಿ ಬಿಲ್ಲು ಕೊಡುತ್ತಾರೆ. ಕುರ್ಚಿ ಮತ್ತೆ ಚಹಾ ಕುಡಿಯುವವರ ಕೆಳಗೇ ಬಂತಲ್ಲ ಎಂದು ಸಮಾಧಾನ ಪಡಬಹುದು. ಒಂದು ಚಹಾ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದವರು ಮಾತ್ರ ಅದರ ಜೊತೆಗೆ ಬರಲಿಲ್ಲ.

ಈಗ ನಾನು ಬಜಾರಿಗೆ ಹೋಗುವುದನ್ನು ಬಿಟ್ಟಿಲ್ಲ, ಕೊಳ್ಳುವುದು ಕಡಿಮೆಯಾಗಿದೆ. ಮನೆಯಲ್ಲಿ ಕೆಲಸವಿರುವ ವಸ್ತುವಾದರೆ ತರುತ್ತೇನೆ. ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಉತ್ತರವಾಗಿ ಯಾವುದೋ ನವಾಬನ ಹೆಸರು ಬರುತ್ತದೆ. ಊರಿಗೆ ಹೋದಾಗ ದೊಡ್ಡಮ್ಮನ ಅಟ್ಟದಲ್ಲಿದ್ದ ಚೆನ್ನೆಮಣೆಯನ್ನು ಗುಜರಿಯವನ ಗಾಡಿಯಿಂದ ಇಳಿಸಿ ತಂದೆ. ಅದು ಬಜಾರಿನಲ್ಲಿ ಸಿಗಬಹುದಾದದ್ದಕ್ಕಿಂತ ಒರಟು, ಒಂದು ಗುಳಿ ಸೀಳಿದೆ. ಆದರೆ ಅದರ ಮೇಲೆ ಆಟಿ ತಿಂಗಳಲ್ಲಿ ಯಾರ್ಯಾರು ಯಾರ್ಯಾರನ್ನು ಸೋಲಿಸಿದರೆಂದು ಅಮ್ಮ ಈಗಲೂ ಹೇಳಬಲ್ಲರು.

ತಂಬಿಗೆಯ ಜಗಳ ಇನ್ನೂ ಮುಗಿದಿಲ್ಲ. ಅಮ್ಮ ಅದನ್ನು ಶುಕ್ರವಾರಕ್ಕೊಮ್ಮೆ ಹುಣಸೆಹುಳಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿ, ನೀರು ತುಂಬಿ ದೇವರ ಮುಂದೆ ಇಡುತ್ತಾರೆ. ಹೀಗೆ ತಿಕ್ಕಿದರೆ ಅಕ್ಷರ ಸವೆದು ಹೋಗುತ್ತದೆ, ಶೋಕೇಸಿನಲ್ಲಿ ಇಡೋಣ ಎಂದು ನಾನು. ನೀರು ಕಾಣದ ತಂಬಿಗೆ ಯಾಕೆ, ಹೆಸರು ಬರೆಸಿದವಳು ನೋಡಲು ಇಟ್ಟದ್ದೇ ಎಂದು ಅವರು. ಮೊದಲನೆಯ ಅಕ್ಷರದ ದೀರ್ಘದ ಕೊಂಡಿ ಆಗಲೇ ಮಾಸಿದೆ. ಬರೆಸಿದ್ದು ‘ಸೀ’ಯೋ ‘ಸಿ’ಯೋ ಎಂದು ಇನ್ನು ಮುಂದೆ ಬರುವವರಿಗೆ ತಿಳಿಯದು. ಕಳೆದ ಶುಕ್ರವಾರ ಅಮ್ಮ ಕಂಠದ ಕೆಳಗಿನ ಆ ಒಂದಿಂಚನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಕ್ಕಿದ್ದರು.