ನೂರು ರೂಪಾಯಿ ಬಾಂಡ್ ಬರೆಸಿದರೆ ಅಜ್ಜಿ ಗಾರ್ಡಿಯನ್ ಆಗುತ್ತಾರೆಯೇ?

ತಂದೆ-ತಾಯಿ ತೀರಿಕೊಂಡ ಮಕ್ಕಳನ್ನು ಸಾಕುವ ಅಜ್ಜಿ, ಕಾಕಾ, ಸೋದರಮಾವಂದಿರಿಗೆ ಊರಲ್ಲಿ ಸಿಗುವ ಸಲಹೆ ಒಂದೇ: "ನೂರು ರೂಪಾಯಿ ಬಾಂಡ್ ಮೇಲೆ ಬರೆಸಿ ನೋಟರಿ ಮಾಡಿಸಿ, ಮಗುವಿನ ಪೂರ್ತಿ ಹಕ್ಕು ನಿಮ್ಮದೇ." ಇದು ತಪ್ಪು. 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆಯಲ್ಲಿ ಸಹಜ ಪೋಷಕರು ತಂದೆ ಮತ್ತು ತಾಯಿ ಮಾತ್ರ. ನೋಟರಿಯ ಮೊಹರು ಆ ಸ್ಥಾನವನ್ನು ಬೇರೆಯವರಿಗೆ ಕೊಡಲಾರದು. (ಮುಸ್ಲಿಂ ಕಾನೂನು ಬೇರೆ. ಅಲ್ಲಿ ತಂದೆ ಇಲ್ಲದಾಗ ಮಗುವಿನ ಆಸ್ತಿಯ ವಿಷಯದಲ್ಲಿ ತಂದೆಯ ತಂದೆಗೆ ಸ್ಥಾನವಿದೆ.)

ಹಾಗೆಂದು ಕಾಗದವಿಲ್ಲದ ಅಜ್ಜಿಗೆ ಏನೂ ಹಕ್ಕಿಲ್ಲ ಎನ್ನುವುದೂ ಸುಳ್ಳು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಮಗು ಯಾರ ಆರೈಕೆ ಮತ್ತು ಸುಪರ್ದಿನಲ್ಲಿದೆಯೋ ಅವರೂ ಪೋಷಕರೇ. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಹಚ್ಚಲು ಕೋರ್ಟ್ ಆದೇಶ ತರಬೇಕಿಲ್ಲ. ತಂದೆ-ತಾಯಿ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗಿದ್ದರೆ ಅವರೇ ಪೋಷಕರಾಗಿ ಉಳಿಯುತ್ತಾರೆ. ಅವರ ಒಂದು ಪತ್ರ ಕೈಯಲ್ಲಿದ್ದರೆ ದವಾಖಾನೆಯಲ್ಲಿ ಅನುಕೂಲ.

ನಿಜವಾದ ಪೇಚು ಹೊಲದ್ದು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲದ ಉತಾರದಲ್ಲಿ ಮಗುವಿನ ಹೆಸರಿದೆ ಎಂದುಕೊಳ್ಳಿ. ಸಾಕುತ್ತಿರುವುದು ಕಾಕಾ. ಅವರು ಅದನ್ನು ಮಾರಬಹುದೇ? ಇಲ್ಲ. ಕೇವಲ ಸಾಕುತ್ತಿದ್ದೇನೆಂಬ ಕಾರಣಕ್ಕೆ ಅಪ್ರಾಪ್ತರ ಆಸ್ತಿಯನ್ನು ಯಾರೂ ವಿಲೇವಾರಿ ಮಾಡುವಂತಿಲ್ಲ ಎಂದು ಅದೇ 1956ರ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಕೋರ್ಟ್ ನೇಮಿಸಿದ ಪೋಷಕರೂ ಮಾರಲು ಮತ್ತೆ ಕೋರ್ಟ್ ಅನುಮತಿ ಪಡೆಯಬೇಕು. ಸಾಲ ತೀರಿಸಲೆಂದು ಪ್ರಾಮಾಣಿಕವಾಗಿ ಮಾರಲು ಹೊರಟ ಕಾಕಾನಿಗೆ ಇದು ಕಿರಿಕಿರಿಯೇ. ಆದರೆ ಮಗುವಿನ ಹೊಲ ಉಳಿಯುವುದು ಇದರಿಂದಲೇ. ಇನ್ನೂ ಪಾಲಾಗದ ಅವಿಭಕ್ತ ಕುಟುಂಬದ ಜಮೀನಿನ ಲೆಕ್ಕ ಬೇರೆ, ಅದಕ್ಕೆ ವಕೀಲರನ್ನೇ ಕೇಳಿ.

ನೇಮಕ ಆಗುವುದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ, ಮಗು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿ. ಇದು ಎಲ್ಲ ಧರ್ಮದವರಿಗೂ ಅನ್ವಯ. "ವಯಸ್ಸಾದವರಿಗೆ, ಬಡವರಿಗೆ ಮಗುವನ್ನು ಕೊಡುವುದಿಲ್ಲ" ಎಂದು ಹೆದರಿಸುವವರಿದ್ದಾರೆ. ಕೋವಿಡ್‌ನಲ್ಲಿ ತಂದೆ-ತಾಯಿಯನ್ನು ಕಳೆದುಕೊಂಡ ಅಹಮದಾಬಾದಿನ ಬಾಲಕನನ್ನು ಗುಜರಾತ್ ಹೈಕೋರ್ಟ್ ಚಿಕ್ಕಮ್ಮನಿಗೆ ಒಪ್ಪಿಸಿತ್ತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ತಂದೆಯ ತಂದೆ-ತಾಯಿಗೆ ಕೊಟ್ಟಿತು. ಆದಾಯವೊಂದೇ ಅಳತೆಗೋಲಲ್ಲ ಎಂದಿತು.

ಹಣದ ವಿಷಯ: ಮಿಷನ್ ವಾತ್ಸಲ್ಯದಡಿ ಬಂಧುಗಳ ಮನೆಯಲ್ಲಿರುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗಬಹುದು. ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ಆದಾಯ ಮಿತಿ 72,000. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ, ಫಾರ್ವರ್ಡ್‌ನಲ್ಲಿ ಬಂದ ಲಿಂಕ್‌ಗೆ ಅಲ್ಲ. ಮಕ್ಕಳ ಸಹಾಯವಾಣಿ 1098. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ, ಆದ್ದರಿಂದ ಅಜ್ಜಿಯೇ ಅರ್ಜಿದಾರರಾದರೆ ವಕೀಲರ ಶುಲ್ಕ ಉಳಿಯುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.