ಗ್ಯಾಸಿಲ್ಲದ ಲೈಟರೂ, ಕೆಳಮನೆ ತಾತನ ಪೈಪೂ

ಊರಲ್ಲಿ ನಮ್ಮಮ್ಮನ ಅಡುಗೆಮನೇಲಿ ‘ಗ್ಯಾಸ್ ಲೈಟರ್’ ಅಂತ ಒಂದಿದೆ. ಒಲೆ ಪಕ್ಕ ಮೊಳೆಗೆ ನೇತುಹಾಕಿರ್ತಾರೆ. ಟಕ್ ಟಕ್ ಅಂತ ಒತ್ತಿದ್ರೆ ಕಿಡಿ ಹಾರುತ್ತೆ, ಅಷ್ಟೆ. ಹೆಸರಿಗೆ ಗ್ಯಾಸ್ ಲೈಟರ್, ಒಳಗೆ ಗ್ಯಾಸಿನ ಸುಳಿವೂ ಇಲ್ಲ! ಮೊನ್ನೆ ಮೊನ್ನೆವರೆಗೂ ಲೈಟರಿನ ಬಗ್ಗೆ ನನಗಿದ್ದ ಜ್ಞಾನ ಇಷ್ಟೇ. ನನಗೆ ಸಿಗರೇಟಿನ ಸಹವಾಸ ಇಲ್ಲ. ನಮ್ಮಜ್ಜ ಕೂಡ ನಶ್ಯದ ಡಬ್ಬಿ ಬಿಟ್ಟು ಆಚೆಗೆ ಹೋದವರಲ್ಲ. ಅಂಥವನು ಈ ವಾರ ಬ್ಯುಟೇನ್ ಬಗ್ಗೆ ಬರೀತಿದೀನಿ ಅಂದ್ರೆ ಅದಕ್ಕೆ ಕಾರಣ, ಮಿನಿಯಾಪೊಲಿಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಕೆಳಗಿನ ಮನೆಯಲ್ಲಿರೋ ತಾತ.

ತಾತನಿಗೆ ಎಂಬತ್ತು ದಾಟಿದೆ. ಹೆಂಡತಿ ತೀರಿಕೊಂಡು ಆರು ವರ್ಷ. ದಿನಕ್ಕೆ ಒಂದೇ ಪೈಪು, ಸಂಜೆ ಹೊತ್ತು, ಬಾಲ್ಕನಿಯಲ್ಲಿ. ಅದನ್ನ ಹಚ್ಚೋದು ಜಪಾನಿನ ಒಂದು ಹಳೇ ಲೈಟರಿನಿಂದ. ‘ಕರೋನಾ ಓಲ್ಡ್ ಬಾಯ್’ ಅಂತ ಅದರ ಹೆಸರು (ಬೆಚ್ಚಬೇಡಿ, ಕಂಪನಿ ಆ ಹೆಸರು ಇಟ್ಟುಕೊಂಡಿದ್ದು ರೋಗ ಬರೋದಕ್ಕೆ ಎಷ್ಟೋ ಮುಂಚೆ). ರಿಟೈರ್ ಆದಾಗ ಹೆಂಡತಿ ಕೊಟ್ಟಿದ್ದಂತೆ. ಪೈಪಿನ ಲೈಟರಿನಲ್ಲಿ ಜ್ವಾಲೆ ಮೇಲಕ್ಕೆ ಏಳಲ್ಲ, ಪಕ್ಕಕ್ಕೆ ಓರೆಯಾಗಿ ಬರುತ್ತೆ. ಪೈಪಿನ ಬಟ್ಟಲು ಇರೋದು ಕೆಳಗೆ ನೋಡಿ, ಮಾಮೂಲಿ ಲೈಟರನ್ನ ಬಗ್ಗಿಸಿ ಹಿಡಿದ್ರೆ ಬೆರಳು ಸುಡುತ್ತೆ. ಬೆಂಕಿಕಡ್ಡಿ ಯಾಕಾಗಬಾರದು ಅಂತೀರಾ? ತಾತನ ಕೈ ನಡುಗುತ್ತೆ, ಕಡ್ಡಿ ಗೀರೋಕೇ ಆಗಲ್ಲ.

ಕಳೆದ ನವೆಂಬರಿನಲ್ಲಿ ಒಂದು ದಿನ, ಗ್ಯಾಸ್ ಮುಗಿದಿದೆ, ತುಂಬಿಸಿಕೊಡ್ತೀಯಾ ಅಂದ್ರು. ನಾನು ಇಂಜಿನಿಯರ್ರು, ಇದೇನು ಮಹಾ! ಹತ್ತಿರದ ಅಂಗಡಿಗೆ ಹೋದೆ, ಇದ್ದದ್ದರಲ್ಲಿ ಅಗ್ಗದ ಕ್ಯಾನ್ ತಂದೆ, ಬುಡಕ್ಕೆ ಚುಚ್ಚಿದೆ, ಪುಸ್ಸ್ ಅಂತು, ಕೊಟ್ಟೆ. ಮೂರನೇ ದಿನಕ್ಕೆ ಜ್ವಾಲೆ ಕಡಲೆಕಾಳಿನಷ್ಟಾಗಿ ಬಿಕ್ಕಳಿಸೋಕೆ ಶುರು. ಐದನೇ ದಿನ ಅದೂ ಇಲ್ಲ. ತಾತ ನನಗೊಂದು ಮಾತೂ ಹೇಳದೆ ಒಂದು ವಾರ ಬೆಂಕಿಕಡ್ಡಿಯಲ್ಲೇ ಕಷ್ಟಪಟ್ಟಿದ್ದಾರೆ. ಲಾಂಡ್ರಿ ರೂಮಲ್ಲಿ ಸಿಕ್ಕಾಗ ಅಂಗಿ ತೋಳಿನಲ್ಲಿ ಸುಟ್ಟ ತೂತು ಕಂಡಿತು. ಹೆಬ್ಬೆರಳಿಗೆ ಬ್ಯಾಂಡೇಜು. ಕೇಳಿದ್ರೆ, ಲೈಟರಿಗೂ ವಯಸ್ಸಾಯ್ತಲ್ಲ ಅಂದ್ರು. ವಯಸ್ಸಾಗಿದ್ದಲ್ಲ ಅಂತ ನನಗೆ ಗೊತ್ತಿತ್ತು. ಅವತ್ತು ಆಫೀಸಿನ ಕೆಲಸಕ್ಕೆ ಮನಸ್ಸೇ ಬರಲಿಲ್ಲ.

ಲೈಟರನ್ನ ಇಸಕೊಂಡು ಮೇಲೆ ಬಂದೆ. ಕೋಡಿನಲ್ಲಿ ಬಗ್ ಹುಡುಕುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಅಂತ ಹೊಸ ಹುಡುಗರಿಗೆ ಭಾಷಣ ಬಿಗಿಯೋನು ನಾನು. ಅದನ್ನೇ ಮಾಡಿದೆ. ಮೊದಲು, ತುಂಬಿಸೋ ರೀತಿ. ಲೈಟರ್ ಒಳಗೆ ಬರೀ ಗ್ಯಾಸಿರಲ್ಲ, ಗಾಳಿಯೂ ಸೇರಿಕೊಂಡಿರುತ್ತೆ. ಅದನ್ನ ಹೊರಗೆ ಕಳಿಸದಿದ್ರೆ ಗ್ಯಾಸಿಗೆ ಜಾಗ ಎಲ್ಲಿ? ಮದುವೆಮನೆ ಊಟದ ಪಂಕ್ತಿ ಥರ, ಕೂತವರು ಎದ್ದರೆ ತಾನೇ ನಿಂತವರು ಕೂರೋದು. ಜ್ವಾಲೆಯ ತಿರುಪನ್ನ ಪೂರ್ತಿ ಕಮ್ಮಿ ಮಾಡಿ, ಬುಡದ ವಾಲ್ವನ್ನ ಸಣ್ಣ ಸ್ಕ್ರೂಡ್ರೈವರಿನಿಂದ ಸದ್ದು ನಿಲ್ಲೋವರೆಗೂ ಒತ್ತಬೇಕು. ಆಮೇಲೆ ಲೈಟರನ್ನ ತಲೆಕೆಳಗೆ ಹಿಡಿದು, ಕ್ಯಾನನ್ನೂ ತಲೆಕೆಳಗೆ ಅದರ ಮೇಲಿಟ್ಟು ಒಂದೈದು ಸೆಕೆಂಡು. ತಕ್ಷಣ ಹಚ್ಚಬಾರದು, ಒಳಗಿನ ದ್ರವ ತಣ್ಣಗಿರುತ್ತೆ, ಹತ್ತು ನಿಮಿಷ ಕಾಯಬೇಕು. ಅದೇ ಅಗ್ಗದ ಕ್ಯಾನಿನಿಂದಲೇ ಹೀಗೆ ತುಂಬಿಸಿದೆ. ಹತ್ತಿತು! ಎರಡು ದಿನ ಬಿಟ್ಟು ಮತ್ತೆ ಬಿಕ್ಕಳಿಕೆ.

ಅಂದ್ರೆ ಗ್ಯಾಸಿನಲ್ಲೂ ದೋಷ ಇದೆ. ಪೈಪಿನ ಅಂಗಡಿಗೆ ಹೋಗಿ ನೋಡ್ತೀನಿ, ಕೊಲಿಬ್ರಿ, ವೆಕ್ಟರ್ ಅಂತ ಸಾಲುಸಾಲು ಕ್ಯಾನುಗಳು. ಒಂದರ ಮೇಲೆ ಮೂರು ಸಲ ಶುದ್ಧೀಕರಿಸಿದ್ದು, ಇನ್ನೊಂದರ ಮೇಲೆ ಐದು ಸಲ. ಇದಕ್ಕೊಂದು ಸರ್ಕಾರಿ ಅಳತೆಗೋಲು ಇದ್ದಿದ್ರೆ ನಂಬಬಹುದಿತ್ತು. ಇಲ್ಲದಿರೋದ್ರಿಂದ ಇದು ಸೀರೆ ಅಂಗಡಿ ರಿಯಾಯಿತಿ ಬೋರ್ಡಿನ ಲೆಕ್ಕ. ಅಂಗಡಿಯವನೇ ಒಂದು ಉಪಾಯ ಹೇಳಿಕೊಟ್ಟ: ಕನ್ನಡಿ ಪರೀಕ್ಷೆ. ಸುತ್ತಮುತ್ತ ಬೆಂಕಿ ಇಲ್ಲದ ಕಡೆ, ಮನೆ ಹೊರಗೆ, ಒರೆಸಿದ ಕನ್ನಡಿ ಮೇಲೆ ಸ್ವಲ್ಪ ಗ್ಯಾಸು ಚಿಮ್ಮಿಸಿ ಆರೋಕೆ ಬಿಡೋದು. ಐದು ಸಲದ್ದು ತಂದು ಎರಡನ್ನೂ ಪಕ್ಕಪಕ್ಕ ಚಿಮ್ಮಿಸಿದೆ. ಹೊಸದು ಆರಿ ಕನ್ನಡಿ ಕನ್ನಡಿಯಾಗೇ ಉಳೀತು. ನನ್ನ ಅಗ್ಗದ್ದು? ಮಸಾಲೆದೋಸೆ ಕಟ್ಟಿದ ಪೇಪರಿನ ಹಾಗೆ ಜಿಡ್ಡು ಕಲೆ. ಆ ಜಿಡ್ಡೇ ಲೈಟರಿನ ಕೂದಲೆಳೆಯಂಥ ದಾರಿಯಲ್ಲಿ ಕೂತಿದ್ದು.

ಈಗ ಸ್ವಲ್ಪ ಮೇಷ್ಟ್ರ ಥರ ಕೊರೀತೀನಿ, ಬೇಜಾರಾದ್ರೆ ಮುಂದಿನ ಪ್ಯಾರಾಗೆ ಹಾರಿ. ನಮ್ಮ ಮನೆ ಸಿಲಿಂಡರಿನಲ್ಲಿರೋದು ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣ. ಎರಡಕ್ಕೂ ವಾಸನೆ ಇಲ್ಲ. ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯೋ ಆ ವಾಸನೆ, ಗೊತ್ತಾಗಲಿ ಅಂತ ಬೇಕಂತಲೇ ಬೆರೆಸೋ ಗಂಧಕದ ಸಂಯುಕ್ತದ್ದು. ಅಡುಗೆಮನೆಗೆ ಅದು ಪ್ರಾಣರಕ್ಷಕ, ಪೈಪಿಗೆ ಮಾತ್ರ ರುಚಿಗೇಡು. ಇನ್ನು ಚಳಿ. ಬ್ಯುಟೇನ್ ಕುದಿಯೋದು ಮೈನಸ್ 0.5 ಡಿಗ್ರಿಯಲ್ಲಿ, ಅದರ ದಾಯಾದಿ ಐಸೋಬ್ಯುಟೇನ್ ಸುಮಾರು ಮೈನಸ್ 12ರಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ನಮ್ಮ ಮಿನಿಯಾಪೊಲಿಸ್ ಜನವರಿಯಲ್ಲಿ ಮೈನಸ್ 20 ಮಾಮೂಲು. ಆಗ ಬ್ಯುಟೇನ್ ಅನಿಲವಾಗದೆ ಬರೀ ನೀರಿನ ಹಾಗೆ ಕೂತಿರುತ್ತೆ.

ಹಾಗಿದ್ರೆ ಕ್ಯಾಂಪಿಂಗಿಗೆ ಒಯ್ಯೋ ಪ್ರೊಪೇನ್ ಬೆರೆತ ಕ್ಯಾನಿನಿಂದ ತುಂಬಿಸಿದ್ರೆ ಹೇಗೆ ಅಂತ ನನ್ನ ಅತಿಬುದ್ಧಿ ಓಡಿತು. ತಾತನಿಗೆ ಹೇಳಿದೆ. ಅವರು ಪೈಪು ಬಾಯಿಂದ ತೆಗೆದು, ‘ನನಗೆ ವಯಸ್ಸಾಗಿದೆ ನಿಜ, ಆದ್ರೆ ಅಷ್ಟೊಂದು ಅವಸರ ಇಲ್ಲ’ ಅಂದ್ರು. 20 ಡಿಗ್ರಿಯಲ್ಲಿ ಬ್ಯುಟೇನಿನ ಒತ್ತಡ ವಾತಾವರಣದ ಎರಡರಷ್ಟು, ಪ್ರೊಪೇನಿನದ್ದು ಎಂಟರಷ್ಟು. ಅಂಗೈಯಗಲದ ಲೈಟರ್ ಅದಕ್ಕಾಗಿ ಮಾಡಿದ್ದಲ್ಲ. ಚಳಿಗೆ ತಾತನ ಮದ್ದು ಬೇರೆ: ಬಾಲ್ಕನಿಗೆ ಹೋಗೋ ಅರ್ಧ ಗಂಟೆ ಮುಂಚೆ ಲೈಟರನ್ನ ಸ್ವೆಟರಿನ ಒಳಗಡೆ ಜೇಬಿಗೆ ಹಾಕ್ಕೊಳ್ತಾರೆ. ಮೈ ಬಿಸಿಗೇ ಕೆಲಸ ಆಗುತ್ತೆ.

ಒಳ್ಳೇ ಗ್ಯಾಸು ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ, ಹೀಗೆ ಮೂರು ಸುತ್ತು ತೊಳೆದ ಮೇಲೆ ಹಳದಿ ಜ್ವಾಲೆ ಓರೆಯಾಗಿ, ನೆಟ್ಟಗೆ ನಿಂತಿತು. ಕೆಳಗೆ ಹೋಗಿ ಕೊಟ್ಟೆ. ಅಗ್ಗದ ಕ್ಯಾನು, ಕನ್ನಡಿ, ತಪ್ಪು ನನ್ನದೇ ಅನ್ನೋದು, ಎಲ್ಲಾ ಒಪ್ಪಿಸಿದೆ. ತಾತ ಗಾಲಿ ತಿರುಗಿಸಿ ಹಚ್ಚಿದ್ರು, ಆರಿಸಿದ್ರು, ಮತ್ತೆ ಹಚ್ಚಿದ್ರು. ಪೈಪು ಒಳಗೇ ಇತ್ತು, ಅದರ ನೆನಪು ಅವರಿಗಿರಲಿಲ್ಲ. ‘ಅವಳು ಕೊಟ್ಟ ದಿನವೂ ಹೀಗೇ ಎಡಕ್ಕೆ ಸ್ವಲ್ಪ ವಾಲ್ತಿತ್ತು’ ಅಂದ್ರು.

ಅರ್ಧ ಉಳಿದಿದ್ದ ಆ ಅಗ್ಗದ ಕ್ಯಾನನ್ನ ಕಸದ ಬುಟ್ಟಿಗೆ ಎಸೆಯೋ ಹಾಗಿಲ್ಲ. ಶನಿವಾರ ಕೌಂಟಿಯ ಅಪಾಯಕಾರಿ ಕಸ ತಗೊಳ್ಳೋ ಕೇಂದ್ರಕ್ಕೆ ಕೊಟ್ಟು ಬರಬೇಕು. ತಾತನೂ ಬರ್ತಾರಂತೆ, ಹಳೇ ಪೇಂಟ್ ಡಬ್ಬಗಳಿವೆಯಂತೆ.